ಕಾಂಗೇಯದ ಕೊರಂಗಾಡು

ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಚಿಕ್ಕ ಪೇಟೆ. ಸುತ್ತಲೂ ಕಲ್ಲುನೆಲ, ಮಳೆಯೂ ಕಡಮೆ. ಇಂಥಲ್ಲಿ ಅಷ್ಟು ಗಟ್ಟಿಮುಟ್ಟಾದ ಎತ್ತು ಹುಟ್ಟುವುದು ಹೇಗೆ? ‘ಕೊರಂಗಾಡು’ ಎಂಬ ಹುಲ್ಲುಗಾವಲಿನಿಂದ. ಸುತ್ತ ಕಿಳುವೈ ಮುಳ್ಳಿನ ಜೀವಂತ ಬೇಲಿ, ಒಳಗೆ ಕೊಳುಕ್ಕಟ್ಟೈ ಹುಲ್ಲು, ಅಲ್ಲಲ್ಲಿ ಬಿಳಿಜಾಲಿ ಮರ. ಬೇಸಗೆಯಲ್ಲಿ ಹುಲ್ಲು ಒಣಗಿದಾಗ ಜಾಲಿಯ ಕಾಯಿಯೇ ಮೇವು. ಒಂದು ಕಾಡು ಮೇಯಿಸಿ ದನಗಳನ್ನು ಇನ್ನೊಂದಕ್ಕೆ ಹೊಡೆಯುತ್ತಾರೆ. ಅಷ್ಟರಲ್ಲಿ ಮೊದಲನೆಯದು ಚಿಗುರುತ್ತದೆ. ಬೇಲಿಯಿರುವುದರಿಂದ ದನ ಕಾಯುವ ಹುಡುಗ ಶಾಲೆಗೆ ಬರಬಹುದು. ಮೇಷ್ಟರಾದ ನನಗೆ ಇದೇ ದೊಡ್ಡ ಲಾಭವೆಂದು ತೋರುತ್ತದೆ!

ಟ್ರಾಕ್ಟರು ಬಂದ ಮೇಲೆ ಎತ್ತಿಗೆ ಗಿರಾಕಿ ಕಡಮೆ. ಕೊರಂಗಾಡುಗಳು ಮನೆಯ ಸೈಟುಗಳಾಗುತ್ತಿವೆ. ಹುಲ್ಲೇ ಹೋದರೆ ಕಣ್ಣಪುರದ ದನದ ಜಾತ್ರೆಗೆ ಕರು ಎಲ್ಲಿಂದ ಬಂದೀತು? ರೈತ ಬಾಂಧವರೇ, ಇರುವ ಬೇಲಿ ಕಡಿಯಬೇಡಿ. ಸಂದು ಬಿದ್ದಲ್ಲಿ ಕಿಳುವೈ ಕೊಂಬೆ ನೆಡಿ. ಅದು ಬೇರು ಬಿಡುತ್ತದೆ.