ಗೋಡೆಯ ಬಣ್ಣವು ಉದುರುವುದೇಕೆ?

ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯಲ್ಲಿ 13 ಅಡಿಗೂ ಮಿಕ್ಕ ಎತ್ತರದ ಏಕಶಿಲಾ ಗಣಪತಿಯಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಆ ದೇವರ ಹಬ್ಬವು ಬರುವುದು ಭಾದ್ರಪದದಲ್ಲಿ. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆಯಷ್ಟೆ. ಆದರೆ ಕೋಲಾರದ ಸೀಮೆಯಲ್ಲಿ ಮಳೆಯು ವಿಶೇಷವಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಗೋಡೆಯು ನೀರು ಕುಡಿಯುವ ಕಾಲದಲ್ಲಿಯೇ ನಾವು ಅದಕ್ಕೆ ಬಣ್ಣದ ಹೊದಿಕೆಯನ್ನು ಹೊದಿಸುತ್ತೇವೆ. ಸಂಕ್ರಾಂತಿಯ ವೇಳೆಗೆ ಅದು ಹಕ್ಕಳೆಯೆದ್ದು ಉದುರತೊಡಗಿದರೆ ಬಣ್ಣದವನನ್ನು ಬಯ್ದು, ಅದರ ಮೇಲೆಯೇ ಮತ್ತೊಂದು ಕೈ ಬಳಿಸುತ್ತೇವೆ. ಈ ವೆಚ್ಚವು ವ್ಯರ್ಥವೆಂದೇ ನಮ್ಮ ಅಭಿಪ್ರಾಯ.

ಕಲ್ಲು ಮಣ್ಣುಗಳಿಂದ ಕಟ್ಟಿ ಸುಣ್ಣದ ಗಾರೆ ಮಾಡಿದ ಹಳೆಯ ಗೋಡೆಯು ನೆಲದಿಂದಲೂ ಮಳೆಯಿಂದಲೂ ತೇವವನ್ನು ಹೀರಿ, ಬಿಸಿಲು ಬಂದಾಗ ಹೊರಕ್ಕೆ ಬಿಡುತ್ತದೆ. ಸುಣ್ಣವು ಇದಕ್ಕೆ ಅಡ್ಡಿಮಾಡದು. ಈಗಿನ ಎಣ್ಣೆಬಣ್ಣಗಳೂ ಪ್ಲಾಸ್ಟಿಕ್ ಬಣ್ಣಗಳೂ ಒಂದು ಪೊರೆಯಂತೆ ಕೂಡುವುವಾದ್ದರಿಂದ ತೇವವು ಒಳಗೇ ಸಿಕ್ಕಿಬಿದ್ದು ಪೊರೆಯನ್ನು ಎಬ್ಬಿಸುತ್ತದೆ. ನೀರಿನೊಡನೆ ಬಂದ ಉಪ್ಪು ಬೆಳ್ಳಗೆ ಹೂವಿನಂತೆ ಅರಳಿ ಗಾರೆಯನ್ನೇ ಪುಡಿಮಾಡುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿಸಿದವರಿಗೂ ಇದೇ ಪಾಡು.

ಆದುದರಿಂದ ಮೊದಲು ನೀರಿನ ದಾರಿಯನ್ನು ಹುಡುಕತಕ್ಕದ್ದು. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳುತ್ತಿದೆಯೆ? ಬಚ್ಚಲು ಮಗ್ಗುಲಲ್ಲಿದೆಯೆ? ಹಿತ್ತಿಲ ಮಣ್ಣು ಒಳಗಣ ನೆಲಕ್ಕಿಂತ ಎತ್ತರವಾಗಿದೆಯೆ? 2021ರ ನವೆಂಬರ್ ತಿಂಗಳಲ್ಲಿ ಈ ಜಿಲ್ಲೆಯ ಕೆರೆಗಳು ಕೋಡಿಹರಿಯುವಂತೆ ಮಳೆ ಸುರಿಯಿತು. ಬರದ ಸೀಮೆಯೆಂದು ಚರಂಡಿಯನ್ನು ಅಲಕ್ಷ್ಯಮಾಡುವುದು ಸರಿಯಲ್ಲ. ಸಂದೇಹವಿದ್ದಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಅಂಟಿಸಿ, ನಾಲ್ಕು ಅಂಚುಗಳನ್ನೂ ಭದ್ರವಾಗಿ ಮುಚ್ಚಿ, ಎರಡು ದಿನ ಬಿಟ್ಟು ನೋಡಬಹುದು. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ್ದರೆ ತೇವವು ಗೋಡೆಯದು. ಹೊರಮೈಯಲ್ಲಿದ್ದರೆ ಕೋಣೆಯ ಆವಿಯದು. ಎರಡನೆಯದಾದರೆ ಕಿಟಕಿ ತೆರೆದರೆ ಸಾಕು.

ಗೋಡೆ ಒಣಗಿದ ಮೇಲೆ ಎದ್ದ ಬಣ್ಣವನ್ನೆಲ್ಲ ಹೆರೆದು ತೆಗೆಯಬೇಕು. ಇಲ್ಲಿ ತಾಯಂದಿರು ವಿಶೇಷ ಎಚ್ಚರ ವಹಿಸಬೇಕು. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸವು ಇರುವುದುಂಟು. ನಮ್ಮ ದೇಶದಲ್ಲಿ ಮನೆಯ ಬಣ್ಣದ ಸೀಸವನ್ನು ಹತ್ತು ಲಕ್ಷದಲ್ಲಿ 90 ಪಾಲಿಗೆ ಮಿತಗೊಳಿಸಿದ ನಿಯಮವು ಜಾರಿಗೆ ಬಂದುದೇ 2017ರ ನವೆಂಬರಿನಲ್ಲಿ. ಸೀಸದ ಧೂಳು ಎಳೆಯ ಮಕ್ಕಳ ಮೆದುಳಿಗೆ ಹಾನಿಕರವು. ಆದಕಾರಣ ಅಂತಹ ಬಣ್ಣವನ್ನು ಒಣದಾಗಿ ಉಜ್ಜಕೂಡದು. ನೀರು ಚಿಮುಕಿಸಿ ಹೆರೆದು, ಕೆಳಗೆ ಹಾಸಿದ ಹಾಳೆಯೊಡನೆ ಹಕ್ಕಳೆಗಳನ್ನು ಸುತ್ತಿ ತೆಗೆಯಬೇಕು. ಮಕ್ಕಳೂ ಗರ್ಭಿಣಿಯರೂ ಆ ಕೋಣೆಯ ಹತ್ತಿರ ಸುಳಿಯಬಾರದು. ಉಪ್ಪಿನ ವಿಷಯದಲ್ಲಿ ಮಾತ್ರ ಕ್ರಮವು ಬೇರೆ: ಅದನ್ನು ತೊಳೆದರೆ ಕರಗಿ ಮತ್ತೆ ಒಳಸೇರುವುದಾದ್ದರಿಂದ ಒಣ ಕುಂಚದಿಂದಲೇ ಗುಡಿಸಬೇಕು.

ಗಾರೆ ಬಿದ್ದಲ್ಲಿ ಸುಣ್ಣದ ಗಾರೆಯನ್ನೇ ತುಂಬಿ ಆರಲು ಬಿಟ್ಟು, ಬಳಿಕ ಸುಣ್ಣ ಬಳಿಯುವುದು ಹಳೆಯ ಗೋಡೆಗೆ ಉತ್ತಮವು. ಸುಣ್ಣವನ್ನು ಅರಳಿಸಿ ಕೆಲವು ದಿನ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಗೋಡೆಗೆ ನೀರು ಚಿಮುಕಿಸಿ ಮೂರು ಕೈ ಬಳಿಯಬೇಕು. ಒಂದು ಕೈ ಒಣಗಿದ ಮೇಲೆಯೇ ಇನ್ನೊಂದು. ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಅದು ಮೆಲ್ಲಮೆಲ್ಲನೆ ಕಲ್ಲಾಗುವುದು. ಅವಸರಪಟ್ಟು ಒಂದೇ ಸಲ ದಪ್ಪವಾಗಿ ಬಳಿದರೆ ಬಿರಿಯುತ್ತದೆ. ಅರಳುವ ಸುಣ್ಣವು ಕುದಿಯುವುದರಿಂದ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಯುಗಾದಿಗೆ ಮುಂಚಿನ ಒಣದಿನಗಳು ಈ ಕೆಲಸಕ್ಕೆ ತಕ್ಕವು. ಭಾದ್ರಪದಕ್ಕೆ ಧೂಳು ಹೊಡೆದು ತೋರಣ ಕಟ್ಟಿದರೆ ಗಣಪತಿಯೇನೂ ಮುನಿಯಲಾರನು.

ಸುಣ್ಣದ ಗೋಡೆಗೆ ಒರಗಿದವರ ಬೆನ್ನು ಬೆಳ್ಳಗಾಗುವುದೆಂಬ ದೂರು ನಿಜವೇ. ಬಳಿಯುವ ಸುಣ್ಣಕ್ಕೆ ಸ್ವಲ್ಪ ಅಂಟನ್ನು ಕಾಯಿಸಿ ಬೆರೆಸಿದರೆ ಆ ತೊಂದರೆಯು ಬಹುಮಟ್ಟಿಗೆ ತಪ್ಪುವುದು.