ಎಲ್ಲರೂ ‘ರೂಡ್’ ಅಲ್ಲ

ಪರಊರಿನಲ್ಲಿ ಸಂಸಾರ ಹೂಡಿದ ನಮ್ಮ ಬಾಯಲ್ಲಿ ದಿನಕ್ಕೆ ಒಮ್ಮೆಯಾದರೂ ಬರುವ ಇಂಗ್ಲಿಷ್ ಪದ ‘ರೂಡ್’. ಲಿಫ್ಟಿನಲ್ಲಿ ಎದುರಾದ ಪಕ್ಕದ ಮನೆಯಾತ ನಗಲಿಲ್ಲ, ರೂಡ್. ಬ್ಯಾಂಕಿನ ಕೌಂಟರಿನಲ್ಲಿದ್ದವರು ತಲೆ ಎತ್ತದೆ ಉತ್ತರ ಕೊಟ್ಟರು, ರೂಡ್. ಮೀಟಿಂಗಿನಲ್ಲಿ ಮ್ಯಾನೇಜರ್ ಎಲ್ಲರೆದುರು ಹಗುರವಾಗಿ ಮಾತಾಡಿದ, ಅವನೂ ರೂಡ್. ಮೂವರು ಮಾಡಿದ್ದು ಬೇರೆ ಬೇರೆ, ಹಣೆಪಟ್ಟಿ ಮಾತ್ರ ಒಂದೇ. ಕನ್ನಡದಲ್ಲಾದರೆ ಒಬ್ಬನದು ಬಿಗುಮಾನ, ಇನ್ನೊಬ್ಬರದು ಅಸಡ್ಡೆ, ಮತ್ತೊಬ್ಬನದು ತಾತ್ಸಾರ ಎಂದು ಬಿಡಿಸಿ ಹೇಳುತ್ತೇವೆ. ಇಂಗ್ಲಿಷಿನಲ್ಲೂ ಅಂಥ ಪದಗಳಿಗೆ ಬರವಿಲ್ಲ. ಆಫೀಸಿನ ಇಮೇಲು, ಹೌಸಿಂಗ್ ಸೊಸೈಟಿಯ ದೂರು, ಮಗುವಿನ ಶಾಲೆಗೆ ಬರೆಯುವ ಪತ್ರ ಎಲ್ಲವೂ ಇಂಗ್ಲಿಷಿನಲ್ಲೇ ಆಗಬೇಕಾದ ನಮಗೆ ಆ ಪದಗಳ ತೂಕ ಗೊತ್ತಿರುವುದು ಒಳ್ಳೆಯದು.

ಮೊದಲು ದೂರ ಉಳಿಯುವವರನ್ನು ನೋಡೋಣ. ‘ರಿಸರ್ವ್ಡ್’ ಎಂದರೆ ಮಿತಭಾಷಿ, ಬೇಗ ಮನಸ್ಸು ಬಿಚ್ಚದವರು. ಇದು ಬೈಗುಳವಲ್ಲ. ‘ಅಲೂಫ್’ ಎಂದರೆ ಬೇಕೆಂದೇ ಅಂತರ ಇಟ್ಟುಕೊಂಡವರು; ನಮ್ಮ ಬಿಗುಮಾನಕ್ಕೆ ಹತ್ತಿರದ ಪದ. ಇದು ಹಡಗಿನವರಿಂದ ಬಂದ ಮಾತು. ಗಾಳಿ ತಳ್ಳಿದ ಹಡಗು ದಡಕ್ಕೆ ಬಡಿಯದಂತೆ ಅದರ ಮೂತಿಯನ್ನು ಗಾಳಿ ಬೀಸುವ ಕಡೆಗೆ ತಿರುಗಿಸಿ ದೂರ ಇಡುತ್ತಿದ್ದರಂತೆ. ‘ಕೋಲ್ಡ್’ ಇನ್ನೂ ಒಂದು ಹೆಜ್ಜೆ ಮುಂದೆ. ಪರಿಚಯವಿದ್ದೂ ಮುಖ ಕೊಟ್ಟು ಮಾತಾಡದಿದ್ದರೆ ‘ಕೋಲ್ಡ್ ಶೋಲ್ಡರ್’ ಕೊಟ್ಟರು ಎನ್ನುತ್ತಾರೆ. ಬೇಡದ ನೆಂಟರಿಗೆ ತಣ್ಣಗಾದ ಮಾಂಸ ಬಡಿಸುತ್ತಿದ್ದುದರಿಂದ ಈ ಮಾತು ಹುಟ್ಟಿತು ಎಂಬ ಕತೆ ಬಹಳ ಓಡಾಡುತ್ತದೆ, ಆದರೆ ಅದಕ್ಕೆ ಆಧಾರವಿಲ್ಲ. ವಾಲ್ಟರ್ ಸ್ಕಾಟ್ 1816ರಲ್ಲಿ ‘ದಿ ಆಂಟಿಕ್ವರಿ’ ಕಾದಂಬರಿಯಲ್ಲಿ ಇದನ್ನು ಬಳಸಿದ್ದು ಒಬ್ಬಾಕೆ ತೋರಿದ ಅಸಮಾಧಾನವನ್ನು ಹೇಳಲು. ಅಲ್ಲಿ ಊಟದ ಪ್ರಸ್ತಾಪವೇ ಇಲ್ಲ.

ಎರಡನೆಯದು ಮಾತಿನ ಬಿರುಸು. ‘ಕರ್ಟ್’ ಎಂದರೆ ತುಂಡು ಮಾತು. ಲ್ಯಾಟಿನ್‌ನಲ್ಲಿ ಇದರ ಮೂಲಪದಕ್ಕೆ ಮೊಟಕಾದದ್ದು ಎಂದರ್ಥ. ‘ಬ್ರಸ್ಕ್’ ಇಟಾಲಿಯನ್ನಿನಿಂದ ಫ್ರೆಂಚ್ ಮೂಲಕ ಬಂದದ್ದು. ಅಲ್ಲಿ ಅದರ ಮೂಲಾರ್ಥ ಹುಳಿ, ಒಗರು. ಮುಂಬಯಿಯ ಟಿಕೆಟ್ ಕಿಟಕಿಯಲ್ಲಿ ಹಿಂದೆ ಐವತ್ತು ಜನ ಕಾಯುತ್ತಿರುವಾಗ ಸಿಗುವ ಒಂದೇ ಪದದ ಉತ್ತರ ಕರ್ಟ್ ಇರಬಹುದು. ಅದರಲ್ಲಿ ಅವಮಾನ ಮಾಡುವ ಉದ್ದೇಶ ಇರಲೇಬೇಕೆಂದಿಲ್ಲ, ಅವಸರವಿದ್ದರೂ ಸಾಕು.

ಮೂರನೆಯದು ಮೇಲಿನಿಂದ ಕೆಳಗೆ ನೋಡುವ ದೃಷ್ಟಿ. ಇಲ್ಲಿ ‘ಕಾಂಡಿಸೆಂಡಿಂಗ್’ ಪದದ ಕತೆ ಸ್ವಾರಸ್ಯವಾಗಿದೆ. ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ 1813ರಲ್ಲಿ ಬಂತು. ಅದರಲ್ಲಿ ಪಾದ್ರಿ ಕಾಲಿನ್ಸ್ ತನ್ನ ಆಶ್ರಯದಾತೆ ಲೇಡಿ ಕ್ಯಾಥರೀನ್‌ಳ ‘ಕಾಂಡಿಸೆನ್ಷನ್’ ಅನ್ನು ಬಾಯ್ತುಂಬ ಹೊಗಳುತ್ತಾನೆ. ದೊಡ್ಡವರು ತಮ್ಮ ಅಂತಸ್ತು ಬಿಟ್ಟು ಇಳಿದು ಬಂದು ಮಾತಾಡಿಸುವುದು ಆಗ ಮೆಚ್ಚುವಂಥ ಗುಣ. ಎಲ್ಲರೂ ಸಮಾನರು ಎಂಬ ಭಾವನೆ ಬೆಳೆದಂತೆ ಅದೇ ಪದ ದೂಷಣೆಯಾಯಿತು. ದೆಹಲಿಯಲ್ಲಿ ಯಾರಾದರೂ ಕಣ್ಣರಳಿಸಿ, “ಅರೆ, ಸೌತಿನವರಾದರೂ ನಿಮ್ಮ ಹಿಂದಿ ಪರವಾಗಿಲ್ಲ!” ಎಂದಾಗ ಮನಸ್ಸಿಗೆ ಕಸಿವಿಸಿಯಾಗುವುದುಂಟು. ಅದನ್ನು ರೂಡ್ ಎಂದರೆ ಹೇಳಿದವರಿಗೆ ಅರ್ಥವೇ ಆಗುವುದಿಲ್ಲ, ಹೊಗಳಿದೆನಲ್ಲ ಎನ್ನುತ್ತಾರೆ. ಅದಕ್ಕೆ ಸರಿಯಾದ ಪದ ‘ಪೇಟ್ರನೈಸಿಂಗ್’.

ನಾಲ್ಕನೆಯದು ಆಫೀಸುಗಳಲ್ಲಿ ಈಗ ಎಲ್ಲೆಲ್ಲೂ ಕೇಳಿಬರುವ ‘ಪ್ಯಾಸಿವ್ ಅಗ್ರೆಸಿವ್’. ಎರಡನೇ ಮಹಾಯುದ್ಧದ ಕೊನೆಗೆ, 1945ರಲ್ಲಿ, ಅಮೆರಿಕದ ಸೇನೆಯ ವೈದ್ಯಕೀಯ ಬರಹದಲ್ಲಿ ಈ ಪದ ಕಾಣಿಸಿಕೊಂಡಿತು. ಮೇಲಧಿಕಾರಿಯ ಆಜ್ಞೆಯನ್ನು ಎದುರಾಎದುರು ಧಿಕ್ಕರಿಸದೆ, ಮುಖ ಊದಿಸಿಕೊಂಡು, ಕೆಲಸ ಎಳೆದಾಡಿ, ಕೆಡಿಸುವ ಸೈನಿಕರ ವರ್ತನೆಗೆ ಇಟ್ಟ ಹೆಸರು ಅದು. “ಆಯ್ತು ಸಾರ್” ಎಂದು ತಲೆಯಾಡಿಸಿ ಮೂರು ವಾರ ಫೈಲು ಮುಟ್ಟದಿರುವುದು ಇದೇ ಜಾತಿಯದು. ಆದರೆ ನಿಜವಾಗಿಯೂ ಮರೆತವನನ್ನು ಹೀಗೆ ಕರೆದರೆ ಅನ್ಯಾಯವಾಗುತ್ತದೆ.

ಕೊನೆಯದು ಬಹಿರಂಗ ಹಗೆ, ‘ಹಾಸ್ಟೈಲ್’. ಇದರ ಲ್ಯಾಟಿನ್ ಮೂಲ ‘ಹಾಸ್ಟಿಸ್’. ಹಳೆಯ ಲ್ಯಾಟಿನ್‌ನಲ್ಲಿ ಅದಕ್ಕೆ ಪರಊರಿನವನು ಎಂದಷ್ಟೇ ಅರ್ಥವಿತ್ತು, ಶತ್ರು ಎಂಬುದು ಆಮೇಲೆ ಬಂತು. ಅತಿಥಿ ಎಂಬ ಅರ್ಥದ ‘ಗೆಸ್ಟ್’ ಕೂಡ ಇದೇ ಬೇರಿನಿಂದ ಚಿಗುರಿದ್ದು. ಪರಊರಿನವನನ್ನು ಶತ್ರುವೆಂದು ಕಾಣುವುದೂ ಅತಿಥಿಯೆಂದು ಕಾಣುವುದೂ ಒಂದೇ ಪದದ ಎರಡು ಕವಲು!

ಹಗೆ ಊರೊಟ್ಟಿಗೆ ಸೇರಿ ಮಾಡಿದಾಗ ‘ಬಾಯ್ಕಾಟ್’. ಐರ್ಲೆಂಡಿನ ಮೇಯೋ ಪ್ರಾಂತ್ಯದಲ್ಲಿ ಜಮೀನುದಾರನ ಏಜೆಂಟನಾಗಿದ್ದ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್‌ನಿಗೆ 1880ರಲ್ಲಿ ಊರವರು ಕೂಲಿಗೆ ಬರುವುದನ್ನು, ಸಾಮಾನು ಕೊಡುವುದನ್ನು ನಿಲ್ಲಿಸಿದರು. ಗೇಣಿದಾರರನ್ನು ಒಕ್ಕಲೆಬ್ಬಿಸಲು ಹೊರಟಿದ್ದಕ್ಕೆ ಅದು ಅವರ ಉತ್ತರ. ಅಲ್ಲಿ ದುರ್ಬಲರ ಕೈಯ ಅಸ್ತ್ರವಾಗಿದ್ದದ್ದು ನಮ್ಮಲ್ಲಿ ಜಾತಿ ಪಂಚಾಯ್ತಿಗಳ ಕೈಯಲ್ಲಿ ದುರ್ಬಲರ ಮೇಲೇ ಪ್ರಯೋಗವಾಗುತ್ತ ಬಂತು. ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಕಾನೂನನ್ನೇ ಮಾಡಬೇಕಾಯಿತು. ಅಪರಾಧ ಸಾಬೀತಾದರೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಈ ಪದಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕರ್ಟ್, ಬ್ರಸ್ಕ್ ಎನ್ನುವವು ಕಣ್ಣಿಗೆ ಕಂಡ, ಕಿವಿಗೆ ಬಿದ್ದ ವರ್ತನೆಯನ್ನು ಹೇಳುತ್ತವೆ. ಅಲೂಫ್, ಪ್ಯಾಸಿವ್ ಅಗ್ರೆಸಿವ್, ಹಾಸ್ಟೈಲ್ ಎನ್ನುವವು ಎದುರಿನವರ ಮನಸ್ಸಿನೊಳಗೆ ಏನಿತ್ತು ಎಂದು ತೀರ್ಪು ಕೊಡುತ್ತವೆ. ಮೊದಲಿನವಕ್ಕೆ ಸಾಕ್ಷಿ ಇರುತ್ತದೆ. ಎರಡನೆಯವು ಬಹಳ ಸಲ ನಮ್ಮ ಊಹೆ.

ಈ ವ್ಯತ್ಯಾಸದ ಬಿಸಿ ಮುಟ್ಟುವುದು ನಮ್ಮಂಥವರಿಗೇ. ಹೈದರಾಬಾದಿಗೋ ಪುಣೆಗೋ ಹೊಸದಾಗಿ ಬಂದ ಹುಡುಗಿಗೆ ಊಟದ ಟೇಬಲ್ಲಿನ ಹರಟೆಯ ಭಾಷೆ ಇನ್ನೂ ಹಿಡಿತಕ್ಕೆ ಸಿಕ್ಕಿರುವುದಿಲ್ಲ. ಜೋಕಿಗೆ ಎಲ್ಲರೂ ನಕ್ಕ ಮೇಲೆ ಆಕೆಗೆ ಅರ್ಥ ಹೊಳೆಯುತ್ತದೆ. ಸುಮ್ಮನೆ ಡಬ್ಬಿ ತೆರೆದು ಊಟ ಮುಗಿಸಿ ಏಳುತ್ತಾಳೆ. ವರ್ಷದ ಕೊನೆಗೆ ಅಪ್ರೈಸಲ್‌ನಲ್ಲಿ ‘ಅಲೂಫ್’ ಎಂದು ಬಿದ್ದರೆ ಅದು ಬಡ್ತಿಯ ತನಕ ಬೆನ್ನು ಬಿಡುವುದಿಲ್ಲ. ಅದೇ ಜಾಗದಲ್ಲಿ ‘ರಿಸರ್ವ್ಡ್’ ಎಂದಿದ್ದರೆ ಆ ಮೌನ ಒಂದು ಸ್ವಭಾವವಾಗಿ ಉಳಿಯುತ್ತಿತ್ತು, ತಪ್ಪಾಗುತ್ತಿರಲಿಲ್ಲ. ನಿಮಗೆ ಅಂಥ ಪದ ಅಂಟಿಸಿದರೆ, ಯಾವ ದಿನ, ಯಾವ ಮಾತಿಗೆ ಹಾಗನ್ನಿಸಿತು ಎಂದು ಮರ್ಯಾದೆಯಿಂದಲೇ ಕೇಳಿ. ಊಹೆಯಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ನಾವು ಬರೆಯುವಾಗಲೂ ಇದೇ ಲೆಕ್ಕ. ದೂರು ಕೊಡುವಾಗ “ಅವರು ಹಾಸ್ಟೈಲ್ ಆಗಿದ್ದರು” ಎನ್ನುವುದಕ್ಕಿಂತ “ಎರಡು ಸಲ ಕೇಳಿದರೂ ಉತ್ತರ ಕೊಡಲಿಲ್ಲ, ಬಾಗಿಲು ಹಾಕಿಕೊಂಡರು” ಎಂದು ಬರೆಯಿರಿ. ನಡೆದದ್ದನ್ನು ಯಾರೂ ಅಲ್ಲಗಳೆಯಲಾರರು. ಇನ್ನು ಲಿಫ್ಟಿನಲ್ಲಿ ನಗದ ಆ ಪಕ್ಕದ ಮನೆಯಾತನಿಗೆ ನಾಳೆ ನೀವೇ ಮೊದಲು ನಮಸ್ಕಾರ ಹೇಳಿ ನೋಡಿ. ಯಾವ ಪದ ಹೊಂದುತ್ತದೆ ಎಂದು ಆಮೇಲೆ ತೀರ್ಮಾನಿಸಿದರಾಯಿತು.