ವಿದ್ಯುದ್ವಾಹನಗಳೂ ಅಗ್ನಿಭಯವೂ

ವಿದ್ಯುಚ್ಛಕ್ತಿಯಿಂದ ಓಡುವ ವಾಹನಗಳು ನಮ್ಮ ನಗರಗಳ ಬೀದಿಗಳಲ್ಲಿ ದಿನೇ ದಿನೇ ಹೆಚ್ಚುತ್ತಿವೆ. ಅವುಗಳೊಡನೆ ಒಂದು ಭೀತಿಯೂ ಹೆಚ್ಚುತ್ತಿದೆ. ಎಲ್ಲಿಯೋ ಒಂದು ಸ್ಕೂಟರು ಹೊತ್ತಿ ಉರಿದರೆ ಅದರ ಚಿತ್ರವು ಗಳಿಗೆಯೊಳಗಾಗಿ ಮನೆಮನೆಯ ಮೊಬೈಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಕಂಡವರು ಈ ಗಾಡಿಗಳ ಸಹವಾಸವೇ ಬೇಡವೆಂದು ತೀರ್ಪು ಕೊಟ್ಟುಬಿಡುತ್ತಾರೆ. ಇತ್ತ, ಹೊಸತನ್ನು ಮೆಚ್ಚುವವರಲ್ಲಿ ಕೆಲವರು ಅಪಾಯದ ಮಾತನ್ನೆತ್ತಿದವರನ್ನೆಲ್ಲ ಪ್ರಗತಿಯ ವಿರೋಧಿಗಳೆಂದು ಜರೆಯುತ್ತಾರೆ. ಈ ಎರಡು ಬಗೆಯ ಆವೇಶವನ್ನೂ ಬದಿಗಿರಿಸಿ, ನಿಜವಾಗಿ ತಿಳಿದುಬಂದಿರುವುದೇನು, ಅದರಿಂದ ನಮಗೊದಗುವ ಕರ್ತವ್ಯವೇನು ಎಂಬುದನ್ನು ವಾಚಕರ ಮುಂದಿಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಬೆಂಕಿಯು ಬ್ಯಾಟರಿಯೊಡನೆ ಬಂದ ಹೊಸ ಶತ್ರುವಲ್ಲ. ೨೦೧೩ನೆಯ ಇಸವಿಯ ಅಕ್ಟೋಬರ್ ೩೦ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಎಂಬಲ್ಲಿ ಮೋರಿಯ ಕಟ್ಟೆಗೆ ಬಡಿದು ಹೊತ್ತಿಕೊಂಡಿತು. ೪೫ ಮಂದಿ ಬೆಂದುಹೋದರು. ಹದಿನೈದು ದಿನಗಳು ಕಳೆಯುವಷ್ಟರಲ್ಲಿ ನಮ್ಮ ಹಾವೇರಿಯ ಬಳಿ ಇನ್ನೊಂದು ಬಸ್ಸು ಉರಿದು ೭ ಮಂದಿ ಮಡಿದರು. ೨೦೨೫ರ ಅಕ್ಟೋಬರ್ ೨೪ರಂದು, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ಮೋಟಾರು ಸೈಕಲ್ಲೊಂದನ್ನು ಎಳೆದುಕೊಂಡುಹೋಗಿ ಬೆಂಕಿಗೆ ಆಹುತಿಯಾದಾಗ ೧೯ ಮಂದಿ ಪ್ರಯಾಣಿಕರು ಪ್ರಾಣ ಕಳೆದುಕೊಂಡರು. ಇವಾವುವೂ ವಿದ್ಯುದ್ವಾಹನಗಳಲ್ಲ. ಆದರೂ ಡೀಸೆಲ್ ಗಾಡಿಗಳೇ ಬೇಡವೆಂದು ಯಾರೂ ಕೂಗಲಿಲ್ಲ. ಹಳೆಯ ಅಪಾಯಕ್ಕೆ ನಮ್ಮ ಕಣ್ಣು ಒಗ್ಗಿಹೋಗಿದೆ. ಹೊಸ ಅಪಾಯವು ಮಾತ್ರ ಕಣ್ಣಿಗೆ ಚುಚ್ಚುತ್ತದೆ.

ಇನ್ನು ಅಂಕಿಗಳನ್ನು ನೋಡೋಣ. ಸ್ವೀಡನ್ ದೇಶದ ನಾಗರಿಕ ರಕ್ಷಣಾ ಇಲಾಖೆಯವರು ವಾಹನಗಳ ಬೆಂಕಿಯನ್ನು ಬಗೆಬಗೆಯಾಗಿ ವಿಂಗಡಿಸಿ ಲೆಕ್ಕವಿಡುತ್ತಾ ಬಂದಿದ್ದಾರೆ. ೨೦೨೨ರಲ್ಲಿ ಅಲ್ಲಿ, ಮಿಶ್ರಚಾಲನೆಯವೂ ಸೇರಿ, ಬ್ಯಾಟರಿಯ ಕಾರುಗಳು ಸುಮಾರು ೬ ಲಕ್ಷವಿದ್ದುವು; ಉರಿದವು ೨೩. ಪೆಟ್ರೋಲು, ಡೀಸೆಲ್ ಕಾರುಗಳು ಸುಮಾರು ೪೪ ಲಕ್ಷವಿದ್ದು, ವರ್ಷಕ್ಕೆ ಉರಿಯುವವು ಸುಮಾರು ೩,೪೦೦. ಅಂದರೆ ಮೊದಲನೆಯ ಬಗೆಯಲ್ಲಿ ಇಪ್ಪತ್ತಾರು ಸಾವಿರಕ್ಕೆ ಒಂದು, ಎರಡನೆಯದರಲ್ಲಿ ಸಾವಿರದ ಮುನ್ನೂರಕ್ಕೆ ಒಂದು. ಬ್ಯಾಟರಿಯ ಕಾರುಗಳು ಬಹುಮಟ್ಟಿಗೆ ಹೊಸವು, ಹಳೆಯ ಕಾರುಗಳು ಹಳೆಯವಾದುದರಿಂದಲೇ ಹೆಚ್ಚು ಉರಿಯುತ್ತವೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಇಪ್ಪತ್ತು ಪಾಲಿನ ಅಂತರವು ಮುಂದೆ ತಗ್ಗಬಹುದು. ಆದರೆ ಅಂತರವೇ ಇಲ್ಲವೆನ್ನುವಂತಿಲ್ಲ.

ವದಂತಿಯು ಅಂಕಿಗಳಿಗಿಂತ ವೇಗವಾಗಿ ಓಡುತ್ತದೆ. ೨೦೨೩ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲೂಟನ್ ವಿಮಾನನಿಲ್ದಾಣದ ಕಾರು ನಿಲ್ಲಿಸುವ ಕಟ್ಟಡವು ಉರಿದು ಸಾವಿರಕ್ಕೂ ಮಿಕ್ಕ ಕಾರುಗಳು ನಾಶವಾದುವು. ಬೆಂಕಿ ಆರುವ ಮೊದಲೇ ಜನರು ವಿದ್ಯುತ್ ಕಾರಿನ ಮೇಲೆ ಅಪವಾದವನ್ನು ಹೊರಿಸಿದರು. ಬೆಂಕಿ ಹುಟ್ಟಿದ್ದು ಡೀಸೆಲ್ ಕಾರಿನಲ್ಲಿ ಎಂದು ಅಗ್ನಿಶಾಮಕ ದಳದವರು ತಿಳಿಸಿದರು. ೨೦೨೦ರ ಜನವರಿಯಲ್ಲಿ ನಾರ್ವೆಯ ಸ್ತಾವಾಂಗರ್ ವಿಮಾನನಿಲ್ದಾಣದಲ್ಲಿ ನೂರಾರು ಕಾರುಗಳು ಉರಿದುದಕ್ಕೂ ಮೂಲವು ಒಂದು ಹಳೆಯ ಡೀಸೆಲ್ ಕಾರೇ.

ಇಷ್ಟು ಹೇಳಿ ಸುಮ್ಮನಾದರೆ ವಕೀಲಿಕೆ ಮಾಡಿದಂತಾಗುವುದೇ ಹೊರತು ಸತ್ಯವನ್ನು ಹೇಳಿದಂತಾಗುವುದಿಲ್ಲ. ಬೆಂಕಿ ಎಷ್ಟು ಸಲ ಬೀಳುತ್ತದೆ ಎಂಬುದು ಒಂದು ಪ್ರಶ್ನೆ. ಬಿದ್ದ ಬೆಂಕಿಯು ಎಂತಹದು ಎಂಬುದು ಇನ್ನೊಂದು. ಪೆಟ್ರೋಲು ಸೊನ್ನೆಗಿಂತ ನಾಲ್ವತ್ತು ಡಿಗ್ರಿ ಕೆಳಗಿನ ಶೀತದಲ್ಲಿಯೂ ಕಿಡಿ ತಾಗಿದರೆ ಹೊತ್ತುವಷ್ಟು ಆವಿಯನ್ನು ಬಿಡುತ್ತದೆ. ಆದರೆ ಅದಕ್ಕೆ ಹೊರಗಿನ ಗಾಳಿ ಬೇಕು. ನೊರೆಯನ್ನು ಮುಚ್ಚಿ ಗಾಳಿಯನ್ನು ತಡೆದರೆ ಉರಿ ನಂದುತ್ತದೆ. ಲಿಥಿಯಂ ಬ್ಯಾಟರಿಯ ಪ್ರಕೃತಿಯೇ ಬೇರೆ. ಅದರ ಒಂದೊಂದು ಸೆಲ್ಲಿನಲ್ಲಿಯೂ ಎರಡು ಧ್ರುವಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪೊರೆಯೊಂದಿದೆ. ಸುತ್ತಲೂ ಇರುವ ದ್ರವವು ಉರಿಯುವಂತಹದು. ಪೆಟ್ಟಿನಿಂದಲೋ, ಮಿತಿಮೀರಿ ಚಾರ್ಜು ಮಾಡಿದುದರಿಂದಲೋ, ತಯಾರಿಕೆಯ ದೋಷದಿಂದಲೋ ಆ ಪೊರೆಯು ಕೆಟ್ಟರೆ ಒಳಗೇ ಶಾಖ ಹುಟ್ಟುತ್ತದೆ. ಆ ಶಾಖವು ರಾಸಾಯನಿಕ ಕ್ರಿಯೆಯನ್ನು ಕೆರಳಿಸಿ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತದೆ. ಒಂದು ಸೆಲ್ಲು ಪಕ್ಕದ ಸೆಲ್ಲನ್ನು ಹೊತ್ತಿಸುತ್ತದೆ. ಗಾಳಿಯನ್ನು ತಡೆದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ಬಹಳ ಹೊತ್ತು ಹೇರಳವಾಗಿ ನೀರೆರೆದು ತಣ್ಣಗಾಗಿಸಬೇಕು. ಆರಿತೆಂದು ಕಂಡದ್ದು ಗಂಟೆಗಳ, ಒಮ್ಮೊಮ್ಮೆ ದಿನಗಳ ಮೇಲೆ ಮರಳಿ ಹೊತ್ತುವುದುಂಟು. ಹೊರಬರುವ ಹೊಗೆಯಲ್ಲಿ ಹೈಡ್ರೊಜನ್, ಕಾರ್ಬನ್ ಮಾನಾಕ್ಸೈಡ್, ಹೈಡ್ರೊಜನ್ ಫ್ಲೂರೈಡ್ ಮೊದಲಾದ ಅನಿಲಗಳಿದ್ದು, ಮುಚ್ಚಿದ ಕೋಣೆಯಲ್ಲಿ ಉರಿಗಿಂತ ಮೊದಲು ಹೊಗೆಯೇ ಕೊಲ್ಲುತ್ತದೆ. ಲಿಥಿಯಂ ಕಬ್ಬಿಣದ ಫಾಸ್ಫೇಟಿನ ಬ್ಯಾಟರಿಗಳು ನಿಕ್ಕಲ್ ಬೆರೆತವುಗಳಿಗಿಂತ ಶಾಂತವಾದುವೆಂಬುದು ನಿಜ; ಆದರೆ ಅವೂ ನಿರಪಾಯವಲ್ಲ.

ನಮ್ಮ ದೇಶದ ಅನುಭವವನ್ನು ಈ ಬೆಳಕಿನಲ್ಲಿ ನೋಡಬೇಕು. ೨೦೨೨ರ ಮಾರ್ಚಿಯಲ್ಲಿ ವೆಲ್ಲೂರಿನಲ್ಲಿ, ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಸ್ಕೂಟರು ಹೊತ್ತಿಕೊಂಡು ತಂದೆ ಮಗಳಿಬ್ಬರೂ ಹೊಗೆಯಿಂದ ಉಸಿರುಕಟ್ಟಿ ಸತ್ತರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ಹೋಟೆಲಿನ ಕೆಳಗಿದ್ದ ವಿದ್ಯುತ್ ಸ್ಕೂಟರುಗಳ ಮಳಿಗೆಯಲ್ಲಿ ಎದ್ದ ಬೆಂಕಿಯ ಹೊಗೆಯು ಮೇಲಕ್ಕೇರಿ ೮ ಮಂದಿಯನ್ನು ಬಲಿತೆಗೆದುಕೊಂಡಿತು. ೨೦೨೪ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಅಂತಹ ಮಳಿಗೆಯೊಂದಕ್ಕೆ ಬೆಂಕಿ ಬಿದ್ದು ಕೆಲಸಕ್ಕಿದ್ದ ತರುಣಿಯೊಬ್ಬಳು ಅಸುನೀಗಿದಳು. ಈ ಮೂರು ಸಂದರ್ಭಗಳನ್ನೂ ಜೋಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇವರಾರೂ ರಸ್ತೆಯಲ್ಲಿ ಸವಾರಿ ಮಾಡುತ್ತಾ ಸತ್ತವರಲ್ಲ. ಗೋಡೆಗಳ ನಡುವೆ, ಹೊಗೆಯಿಂದ ತಪ್ಪಿಸಿಕೊಳ್ಳಲಾರದೆ ಸತ್ತವರು. ಪೆಟ್ರೋಲನ್ನು ನಾವು ಊರಿನ ಬಂಕಿನಲ್ಲಿ ತುಂಬಿಸುತ್ತೇವೆ. ವಿದ್ಯುತ್ತನ್ನಾದರೋ ಮಲಗುವ ಮನೆಯ ಬಾಗಿಲಲ್ಲಿಯೇ ತುಂಬಿಸುತ್ತೇವೆ. ಭೇದವಿರುವುದು ಇಲ್ಲಿ. ಸ್ವೀಡನ್ನಿನಲ್ಲಿಯೂ ೨೦೨೨ರಲ್ಲಿ ಉರಿದ ಕಾರುಗಳು ೨೩ ಆದರೆ, ಬ್ಯಾಟರಿಯ ಪುಟ್ಟ ನಿಲುಗಾಡಿಗಳು ೩೮, ಸೈಕಲ್ಲುಗಳು ೨೦. ಚಿಕ್ಕ ಗಾಡಿಯೆಂದು ಅಲಕ್ಷ್ಯ ಸಲ್ಲದು.

ಕೇಂದ್ರ ಸರ್ಕಾರದವರು ಸುಮ್ಮನೆ ಕುಳಿತಿಲ್ಲವೆಂಬುದನ್ನು ಹೇಳಲೇಬೇಕು. ೨೦೨೨ರ ದುರಂತಗಳ ತರುವಾಯ ತಜ್ಞರ ಸಮಿತಿಯನ್ನು ನೇಮಿಸಿ, ಬ್ಯಾಟರಿಯ ನಿಯಮಗಳನ್ನು ಬಿಗಿಗೊಳಿಸಿದರು. ಅವು ೨೦೨೨ರ ಡಿಸೆಂಬರ್ ೧ರಿಂದಲೂ ೨೦೨೩ರ ಮಾರ್ಚಿ ೩೧ರಿಂದಲೂ ಎರಡು ಕಂತುಗಳಲ್ಲಿ ಜಾರಿಗೆ ಬಂದುವು. ಒಂದು ಸೆಲ್ಲಿನ ಉರಿಯು ಹರಡುವ ಬಗೆಯನ್ನು ಪರೀಕ್ಷಿಸುವುದು, ನೀರು ನುಗ್ಗದಂತೆ ಕಟ್ಟುವುದು, ಅಪಾಯದ ಮುನ್ಸೂಚನೆ ಕೊಡುವುದು ಇವೆಲ್ಲ ಅದರಲ್ಲಿ ಸೇರಿವೆ. ಆದರೆ ಕಾರ್ಖಾನೆಯ ನಿಯಮವು ಕಾರ್ಖಾನೆಯ ಬಾಗಿಲಿನವರೆಗೆ ಮಾತ್ರ ಕಾಯುತ್ತದೆ. ೨೦೨೪ರ ಆಗಸ್ಟ್ ೧ರಂದು ದಕ್ಷಿಣ ಕೊರಿಯಾದ ಇಂಚಾನ್ ನಗರದಲ್ಲಿ, ವಸತಿಗೃಹದ ನೆಲಮಾಳಿಗೆಯಲ್ಲಿ ಸುಮ್ಮನೆ ನಿಂತಿದ್ದ ವಿದ್ಯುತ್ ಕಾರೊಂದು ಹೊತ್ತಿಕೊಂಡಿತು. ಮೇಲಿನಿಂದ ನೀರು ಸುರಿಸುವ ಯಂತ್ರವೂ ಅಲ್ಲಿ ಇತ್ತು. ಆದರೆ ಅದರ ಕವಾಟವನ್ನು ಮುಚ್ಚಲಾಗಿತ್ತು. ಕಾರುಗಳು ಸಾಲುಸಾಲಾಗಿ ಸುಟ್ಟುಹೋದುವು. ಬ್ಯಾಟರಿಯ ತಪ್ಪಿನ ಮೇಲೆ ಮನುಷ್ಯನ ತಪ್ಪೂ ಸೇರಿದಾಗ ಏನಾಗುವುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು. ಹೊರಹೋಗುವ ಬಾಗಿಲಿಗೂ ಮೆಟ್ಟಿಲಿಗೂ ಅಡ್ಡವಾಗಿ ಗಾಡಿಯನ್ನು ಚಾರ್ಜಿಗೆ ಹಾಕಬೇಡಿರಿ. ಎಲ್ಲರೂ ನಿದ್ರಿಸುವ ಹೊತ್ತಿನಲ್ಲಿ ಹಾಕಬೇಡಿರಿ. ತಯಾರಕರು ಕೊಟ್ಟ ಚಾರ್ಜರನ್ನಲ್ಲದೆ ಅಗ್ಗದ್ದನ್ನು ಬಳಸಬೇಡಿರಿ. ಗಾಡಿ ಬಿದ್ದು ಪೆಟ್ಟಾಗಿದ್ದರೆ, ನೆರೆಯ ನೀರಿನಲ್ಲಿ ಮುಳುಗಿದ್ದರೆ, ಪರೀಕ್ಷಿಸದೆ ಚಾರ್ಜು ಮಾಡಬೇಡಿರಿ. ಬ್ಯಾಟರಿಯು ಬುಸುಗುಟ್ಟಿ ಹೊಗೆಯಾಡತೊಡಗಿದರೆ ಗಾಡಿಯನ್ನು ಉಳಿಸಲು ಹೋಗದೆ, ಮನೆಮಂದಿಯನ್ನೆಲ್ಲ ಹೊರಗೆ ಕರೆತಂದು ೧೧೨ಕ್ಕೆ ಕರೆಮಾಡಿರಿ.

ಅಧಿಕಾರಿಗಳಲ್ಲಿ ನಮ್ಮ ಒತ್ತಾಯವು ಇದಕ್ಕಿಂತ ಹೆಚ್ಚಿನದು. ಉರಿದ ಪ್ರತಿಯೊಂದು ವಾಹನವನ್ನೂ ಅದು ಪೆಟ್ರೋಲಿನದೋ, ಡೀಸೆಲ್ಲಿನದೋ, ಅನಿಲದ್ದೋ, ಬ್ಯಾಟರಿಯದೋ ಎಂದು ವಿಂಗಡಿಸಿ ವರ್ಷವರ್ಷವೂ ಪ್ರಕಟಿಸತಕ್ಕದ್ದು. ಲೆಕ್ಕವಿಲ್ಲದ ಕಡೆ ವದಂತಿಯೇ ರಾಜ್ಯವಾಳುತ್ತದೆ. ಸ್ಕೂಟರುಗಳನ್ನು ರಾಶಿಯಾಗಿ ಇಡುವ ಮಳಿಗೆಗಳಿಗೆ ಎರಡನೆಯ ದಾರಿಯಿಲ್ಲದಿದ್ದರೆ ಪರವಾನಗಿ ಕೊಡಕೂಡದು. ಇಂತಹ ಮಳಿಗೆಯ ಮೇಲೆ ಜನರು ಮಲಗುವ ಕೋಣೆಗಳಿರಕೂಡದು. ನೆಲಮಾಳಿಗೆಗಳಲ್ಲಿನ ನೀರಿನ ಕವಾಟವು ತೆರೆದಿದೆಯೇ ಎಂಬುದನ್ನು ಕಾಗದದ ಮೇಲಲ್ಲ, ಕಣ್ಣಾರೆ ಕಂಡು ಸಹಿ ಮಾಡಬೇಕು.

ವಿದ್ಯುದ್ವಾಹನವನ್ನು ಕಂಡು ಹೆದರಿ ಓಡಬೇಕಾದುದಿಲ್ಲ. ಕಣ್ಣುಮುಚ್ಚಿ ನಂಬಬೇಕಾದುದೂ ಇಲ್ಲ. ಒಲೆಯ ಬೆಂಕಿಯನ್ನು ನಮ್ಮ ಹಿರಿಯರು ಹೇಗೆ ಆಳಿಕೊಂಡರೋ ಹಾಗೆಯೇ ಇದನ್ನೂ ಅರಿತು ಆಳಿಕೊಳ್ಳಬೇಕು. ಬೆಂಕಿ ಬಿದ್ದಾಗ ಬಾವಿ ತೋಡುವ ಹಳೆಯ ಚಾಳಿಯನ್ನು ಈ ಒಂದು ವಿಷಯದಲ್ಲಾದರೂ ನಾವು ಬಿಡುವೆವೆಂದು ಆಶಿಸುತ್ತೇವೆ.